ಪುಟ್ಟನ ವಿಷಯಕ್ಕೆ ಅಕ್ಕನಿಗೆ

ರೇಕ್ಯಾವಿಕ್, ಭಾನುವಾರ

ಅಕ್ಕಾ,

ನಾನು ಕ್ಷೇಮ. ನಿನ್ನ ಕಾಗದ ಓದಿದೆ. ಪುಟ್ಟ ಹಾಸ್ಟೆಲ್ ಹುಡುಗರ ಜೊತೆ ಬಿಯರ್ ಕುಡಿದ, ವಾರ್ಡನ್ ಫೋನ್ ಮಾಡಿದರು, ಭಾವ ಬೆಲ್ಟ್ ತೆಗೆದರು, ನೀನು ಊಟ ಬಿಟ್ಟೆ. ಮೊದಲು ಊಟ ಮಾಡು. ಒಂದು ಬಿಯರ್‌ಗೆ ಹುಡುಗ ಕೆಟ್ಟುಹೋಗುವುದಿಲ್ಲ.

ಯಾಕೆ ಹೀಗೆ ಮಾಡಿದ ಅಂತ ಕೇಳಿದ್ದೀಯ. 17 ವಯಸ್ಸು ಅಕ್ಕ. ಆ ವಯಸ್ಸಿಗೆ ಮಜಾ ಬೇಕು ಅನ್ನುವ ಮಿದುಳಿನ ಭಾಗ ಜೋರಾಗಿರುತ್ತದೆ, 'ತಡಿ, ಬೇಡ' ಅನ್ನುವ ಭಾಗ ಬಲಿಯಲು 25ರ ಹತ್ತಿರ ಆಗಬೇಕು. ಗೆಳೆಯರು ಪಕ್ಕದಲ್ಲಿದ್ದರಂತೂ ಮುಗೀತು, ಒಬ್ಬನೇ ಇದ್ದಾಗ ಮುಟ್ಟದ್ದನ್ನೂ ಮುಟ್ಟುತ್ತಾರೆ. ಆದರೆ ಅದೊಂದೇ ಅಲ್ಲ. ತಾಲ್ಲೂಕು ಮಟ್ಟದಲ್ಲಿ ವಾಲಿಬಾಲ್ ಆಡುತ್ತಿದ್ದ ಹುಡುಗ, ಎಸ್ಸೆಸ್ಸೆಲ್ಸಿ ಆಗಿದ್ದೇ ಭಾವ ಆಟ ಬಿಡಿಸಿ ನೀಟ್ ಕೋಚಿಂಗ್‌ಗೆ ಹಾಕಿದರು. ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತರ ತನಕ ಕ್ಲಾಸು, ಟೆಸ್ಟು, ಗೋಡೆ ಮೇಲೆ ರ‍್ಯಾಂಕ್ ಪಟ್ಟಿ. ಭಾನುವಾರ ಸಂಜೆ ಹೊರಗೆ ಬಿಟ್ಟಾಗ ಅವನು ಇನ್ನೇನು ಮಾಡಬೇಕಿತ್ತು, ಹೇಳು?

ಇಲ್ಲಿ ಐಸ್‌ಲ್ಯಾಂಡಿನಲ್ಲೂ ಇದೇ ಗೋಳಿತ್ತು. (ವಿಚಿತ್ರ ಜನ, 1989ರ ತನಕ ವಿಸ್ಕಿ ಸಿಗುತ್ತಿತ್ತು, ಬಿಯರ್ ನಿಷೇಧ!) 1998ರಲ್ಲಿ 15-16 ವರ್ಷದವರಲ್ಲಿ ನೂರಕ್ಕೆ 42 ಮಂದಿ, ಹಿಂದಿನ ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೇವೆ ಅಂದಿದ್ದರು. 2016ಕ್ಕೆ ಅದು 5ಕ್ಕೆ ಇಳಿಯಿತು. ಬೆಲ್ಟಿನಿಂದ ಅಲ್ಲ. ಸಂಜೆ ಫುಟ್‌ಬಾಲ್, ಸಂಗೀತ ಕಲಿಯುವ ಮಕ್ಕಳ ಫೀಸಿಗೆ ನಗರಸಭೆಯೇ ದುಡ್ಡು ಕೊಡುತ್ತದೆ. 13ರಿಂದ 16ರವರು ಚಳಿಗಾಲದಲ್ಲಿ ರಾತ್ರಿ ಹತ್ತಕ್ಕೆ ಮನೆಯಲ್ಲಿರಬೇಕು, ಬೇಸಿಗೆಯಲ್ಲಿ ಹನ್ನೆರಡಕ್ಕೆ, ಆಗ ಸರಿಯಾಗಿ ಕತ್ತಲೇ ಆಗುವುದಿಲ್ಲ ಬಿಡು. ವಾರದ ಕೊನೆಗೆ ಅಪ್ಪ ಅಮ್ಮಂದಿರೇ ಹಳದಿ ಜಾಕೆಟ್ ಹಾಕಿಕೊಂಡು ರಾತ್ರಿ ಬೀದಿ ಸುತ್ತುತ್ತಾರೆ. ಬೈಯುವುದಿಲ್ಲ, ಸಿಕ್ಕ ಹುಡುಗರನ್ನು ಸುಮ್ನೆ ಮಾತಾಡಿಸುತ್ತಾರೆ.

ಭಾವನಿಗೂ ಅಷ್ಟೇ ಹೇಳು, ಹೊಡೆದರೆ ಮುಂದಿನ ಸಲ ಕುಡಿಯೋದು ನಿಲ್ಲಲ್ಲ, ನಮಗೆ ಹೇಳೋದು ನಿಲ್ಲುತ್ತದೆ. ಗಾಂಜಾ, ಮಾತ್ರೆ ಏನಾದರೂ ಇದೆಯಾ ಅಂತ ನೀನೇ ಮೆಲ್ಲಗೆ ಕೇಳು. ಇದೆ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸರೋಜತ್ತೆ ಹೇಳಿದ ಯಂತ್ರ ಗಿಂತ್ರ ಕಟ್ಟಿಸಬೇಡ.

ಅಮ್ಮನಿಗೆ ಹೇಳು, ನಾನು ಕುಡಿಯುತ್ತಿಲ್ಲ, ಇಲ್ಲಿ ಬಾಟಲಿ ಬೆಲೆ ಕೇಳಿದರೇ ಅಮಲು ಇಳಿಯುತ್ತದೆ. ಚಳಿಯೂ ಅಷ್ಟೇನಿಲ್ಲ, ಮನೆ ಬೆಚ್ಚಗಿದೆ, ಊಟ ಚೆನ್ನಾಗಿದೆ, ಸ್ವೆಟರ್ ಮೂರಿವೆ, ಏನೂ ಯೋಚನೆ ಬೇಡ. ನಲ್ಲಿಯ ಬಿಸಿನೀರು ಬೇಯಿಸಿದ ಮೊಟ್ಟೆ ಥರ ನಾರುತ್ತದೆ, ಅದನ್ನು ಮಾತ್ರ ಹೇಳಬೇಡ.

ಪುಟ್ಟನ ಶೂಗೆ ನಿನ್ನ ಅಕೌಂಟಿಗೆ ದುಡ್ಡು ಹಾಕಿದ್ದೇನೆ. ಭಾವನಿಗೆ ಆಮೇಲೆ ನಾನೇ ಹೇಳುತ್ತೇನೆ. ಡ್ಯೂಟಿಗೆ ಹೊತ್ತಾಯಿತು, ಬುಧವಾರ ಫೋನ್ ಮಾಡುತ್ತೇನೆ.

ನಿನ್ನ ತಮ್ಮ