ಕೆರೆಗೆ ನೀರು ಬಂತು, ನೀರುಗಂಟಿ ಎಲ್ಲಿ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಕೋಲಾರ ಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬನ್ನು ರಾತ್ರೋರಾತ್ರಿ ಯಾರೋ ಎತ್ತಿದ್ದಾರೆ. ಬೆಳಿಗ್ಗೆ ಎರಡು ಊರಿನವರು ಏರಿಯ ಮೇಲೆ ಜಗಳಕ್ಕೆ ನಿಂತಿದ್ದಾರೆ. ಪೊಲೀಸರು ಬಂದು ಸಮಾಧಾನ ಮಾಡಿ ಕಳಿಸಿದ್ದಾರೆ. ಆರೇಳು ಸಾಲಿನ ಸುದ್ದಿ, ಅಷ್ಟೇ. ಆದರೆ ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಯಾಕೆಂದರೆ ನಾನು ನೀರುಗಂಟಿಯ ಮಗ. ನನ್ನ ಜಿಲ್ಲೆಯ ಜನ ಓದುವ ಪತ್ರಿಕೆಯಲ್ಲಿ ಈ ಮಾತನ್ನು ಬರೆಯುತ್ತಿರುವುದು ಇದೇ ಮೊದಲು.

ಈಗಿನ ಹುಡುಗರಿಗೆ ಆ ಪದವೇ ಗೊತ್ತಿಲ್ಲ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಜಮೀನಿನ, ಪ್ರತಿ ಗದ್ದೆಗೂ ಸರದಿ ಪ್ರಕಾರ ನೀರು ಕಟ್ಟುವುದು ನೀರುಗಂಟಿಯ ಕೆಲಸ. ಮುಳಬಾಗಿಲು ತಾಲ್ಲೂಕಿನ ನಮ್ಮೂರಲ್ಲಿ ಅದನ್ನು ಮಾಡುತ್ತಿದ್ದವರು ನಮ್ಮಪ್ಪ. ಕೆರೆ ತುಂಬಿದಾಗ ಮುಳುಗಿ ತೂಬಿನ ಬಿರಡೆ ತೆಗೆಯುತ್ತಿದ್ದರು. ನೀರು ಕಮ್ಮಿ ಇದ್ದ ವರ್ಷ ಯಾರಿಗೆ ಎಷ್ಟು ಗದ್ದೆ ನಾಟಿ ಮಾಡಲು ನೀರು ಸಿಗುತ್ತದೆ ಅಂತ ಮೊದಲೇ ಹೇಳಿಬಿಡುತ್ತಿದ್ದರು. ಕೆರೆ ಹತ್ತಿರದ ಗೌಡರ ಗದ್ದೆ, ಮಧ್ಯದಲ್ಲಿ ಸಾಬರ ಗದ್ದೆ, ಕೊನೆಯಲ್ಲಿ ಬಡವರ ತುಂಡು ಗದ್ದೆ, ಎಲ್ಲಕ್ಕೂ ಒಂದೇ ಲೆಕ್ಕ. ಯಾರೂ ತಮ್ಮ ಗದ್ದೆಗೆ ತಾವೇ ನೀರು ತಿರುಗಿಸಿಕೊಳ್ಳುವ ಹಾಗಿರಲಿಲ್ಲ. ಆ ವಿಷಯದಲ್ಲಿ ಊರು ಅಪ್ಪನ ಮಾತು ಕೇಳುತ್ತಿತ್ತು.

ಮಿಕ್ಕ ವಿಷಯದಲ್ಲಿ ಕೇಳುತ್ತಿರಲಿಲ್ಲ. ನನ್ನ ವಯಸ್ಸಿನ ಹುಡುಗರೂ ಅಪ್ಪನನ್ನು ಏಕವಚನದಲ್ಲೇ ಕರೆಯುತ್ತಿದ್ದರು. ಕಾಫಿ ಕೊಟ್ಟರೆ ತೆಂಗಿನ ಚಿಪ್ಪಿನಲ್ಲಿ. ಊರಿಗೆಲ್ಲ ನೀರು ಹಂಚುವವರ ಹೆಂಡತಿ, ನಮ್ಮಮ್ಮ, ಊರ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹಾಕಲಿ ಅಂತ ಕಾಯುತ್ತಿದ್ದರು. ಕಾಲೇಜು ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಅಂತ ಇತ್ತು. ನಾನು 'ಬೇಸಾಯ' ಅಂತ ಬರೆದೆ.

ಭೂವಿಜ್ಞಾನ ಓದಿದೆ. 1996ರಲ್ಲಿ ಮಸ್ಕತ್ತಿಗೆ ಪಾಠ ಹೇಳಲು ಹೋದೆ, ಹದಿನೇಳು ವರ್ಷ ಅಲ್ಲೇ ಇದ್ದೆ. ಒಮಾನಿನಲ್ಲಿ ಫಲಜ್ ಅನ್ನುವ ಕಾಲುವೆಗಳಿವೆ. ಬೆಟ್ಟದ ಬುಡದಲ್ಲಿ ನೀರು ಸಿಗುವ ಕಡೆ ಬಾವಿ ತೋಡಿ, ಅಲ್ಲಿಂದ ನೆಲದೊಳಗೆ ಸುರಂಗ ಕೊರೆಯುತ್ತಾರೆ. ಸ್ವಲ್ಪವೇ ಸ್ವಲ್ಪ ಇಳಿಜಾರು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಊರು ಸೇರುತ್ತದೆ. ಇಂಥ ಸುರಂಗದವು, ಬೇರೆ ಬಗೆಯವು ಎಲ್ಲ ಸೇರಿ ಸುಮಾರು 3,000 ಫಲಜ್‌ಗಳು ಈಗಲೂ ಹರಿಯುತ್ತಿವೆ. 2006ರಲ್ಲಿ ಯುನೆಸ್ಕೊ ಐದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಜ್ವಾ ಊರಿನ ಫಲಜ್ ದಾರಿಸ್ ಅವುಗಳಲ್ಲಿ ಒಂದು.

1998ರ ಚಳಿಗಾಲ. ನಿಜ್ವಾ ಹತ್ತಿರದ ಹಳ್ಳಿಯ ವಿದ್ಯಾರ್ಥಿಯೊಬ್ಬ ಶುಕ್ರವಾರ ಊಟಕ್ಕೆ ಕರೆದ. ಊಟಕ್ಕೆ ಮೊದಲು ಅವನ ತಾತ ನನ್ನನ್ನು ಫಲಜ್ ತೋರಿಸಲು ಕರೆದುಕೊಂಡು ಹೋದರು. ನೀರು ಸುರಂಗದಿಂದ ಹೊರಗೆ ಬರುವ ಜಾಗ ಕುಡಿಯುವ ನೀರಿಗೆ. ಅದಕ್ಕಿಂತ ಮೇಲೆ ಯಾರೂ ಕೈ ತೊಳೆಯುವಂತಿಲ್ಲ. ಆಮೇಲೆ ಮಸೀದಿ, ಆಮೇಲೆ ಸ್ನಾನದ ಮನೆ, ಕೊನೆಗೆ ಖರ್ಜೂರದ ತೋಟ. ಬಾಯಾರಿದವರಿಗೆ ನೀರಿನ ಮೇಲೆ ಮೊದಲ ಹಕ್ಕು ಅಂತ ಅವರ ಧರ್ಮದ ಕಾನೂನಿನಲ್ಲೇ ಇದೆ. ತಾತ ನನಗೆ ಕುಡಿಯಿರಿ ಅಂದರು. ಯಾವ ಊರು, ಯಾವ ಜಾತಿ, ಯಾವ ದೇವರು, ಏನೂ ಕೇಳಲಿಲ್ಲ. ಬಗ್ಗಿ ಬೊಗಸೆಯಲ್ಲಿ ಕುಡಿದೆ. ಆಗ ಕೊಡ ಇಟ್ಟುಕೊಂಡು ನಿಂತ ಅಮ್ಮ ಕಣ್ಣ ಮುಂದೆ ಬಂದರು.

ಆ ತಾತ ಅಲ್ಲಿನ ಅರೀಫ್. ಅಂದರೆ ತಿಳಿದವರು ಅಂತ ಅರ್ಥ. ಯಾರ ನೀರಿನ ಸರದಿ ಯಾವಾಗ ಅಂತ ಲೆಕ್ಕ ಇಡುವವರು. ಅಲ್ಲಿನ ಅಳತೆಗೆ ಅಥರ್ ಅನ್ನುತ್ತಾರೆ, ಸುಮಾರು ಅರ್ಧ ಗಂಟೆಯ ನೀರು. ಹಗಲು ನೆಲದಲ್ಲಿ ನೆಟ್ಟ ಕೋಲಿನ ನೆರಳು ನೋಡಿ ಹೇಳುತ್ತಾರೆ, ರಾತ್ರಿ ನಕ್ಷತ್ರ ನೋಡಿ. ಅವರು ಇದನ್ನು ಹೇಳುತ್ತಿದ್ದ ಹಾಗೆ ನನಗೆ ತಡೆಯಲಾಗಲಿಲ್ಲ. ನಮ್ಮಪ್ಪನೂ ಹೀಗೇ ಮಾಡುತ್ತಿದ್ದರು ಅಂದೆ. ಸಾಲಾಗಿ ನಿಲ್ಲುವ ಮೂರು ಚುಕ್ಕಿ ಹುಣಸೆ ಮರದ ತುದಿಗೆ ಬಂದರೆ ಒಂದು ಸರದಿ ಮುಗಿಯಿತು ಅನ್ನುತ್ತಿದ್ದರು ಅಂದೆ. ನನ್ನ ಅರಬ್ಬಿ ಅಷ್ಟು ಚೆನ್ನಾಗಿರಲಿಲ್ಲ, ಹುಡುಗ ಬಿಡಿಸಿ ಹೇಳಿದ.

ತಾತ ನಡೆಯುತ್ತಿದ್ದವರು ನಿಂತರು. ನನ್ನ ಎರಡೂ ಕೈ ಹಿಡಿದುಕೊಂಡರು. ಮನೆಗೆ ಬಂದ ಮೇಲೆ ನನ್ನನ್ನು ಬಾಗಿಲ ಹತ್ತಿರ ಕೂರಲು ಬಿಡಲಿಲ್ಲ, ತಮ್ಮ ಪಕ್ಕಕ್ಕೆ ಕರೆದರು. ಬಂದವರಿಗೆಲ್ಲ ನನ್ನನ್ನು ಪ್ರೊಫೆಸರ್ ಅಂತ ಪರಿಚಯ ಮಾಡಲಿಲ್ಲ. ಇವರ ತಂದೆ ಹಿಂದೂಸ್ತಾನದಲ್ಲಿ ಅರೀಫ್ ಅಂದರು. ಮೊದಲು ಖರ್ಜೂರ ಬಂತು, ಆಮೇಲೆ ಏಲಕ್ಕಿ ಹಾಕಿದ ಕಹ್ವಾ. ಊಟಕ್ಕೆ ಅನ್ನ, ಮೇಕೆ ಮಾಂಸ ತುಂಬಿದ ದೊಡ್ಡ ತಟ್ಟೆ ಇಟ್ಟರು. ಒಂದೇ ತಟ್ಟೆಗೆ ಏಳೆಂಟು ಜನ ಕೈ ಹಾಕಿದೆವು. ಒಳ್ಳೆಯ ತುಂಡನ್ನು ತಾತ ನನ್ನ ಕಡೆಗೆ ತಳ್ಳುತ್ತಲೇ ಇದ್ದರು. ನನಗಾಗ ನಲವತ್ಮೂರು ವರ್ಷ. ಅಪ್ಪನ ಕೆಲಸ ಹೇಳಿಕೊಂಡಿದ್ದಕ್ಕೆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಅಲ್ಲಿ ಎಲ್ಲವೂ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಒಮಾನಿನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಹೋಗಿದ್ದೇ 1970ರಲ್ಲಿ. ಅದೇ ಊರಿನ ತೋಟದಲ್ಲಿ ಮಣ್ಣು ಸರಿಸಿ ನೀರು ತಿರುಗಿಸುತ್ತಿದ್ದವನು ಬಾಂಗ್ಲಾದೇಶದ ಒಬ್ಬ ಹುಡುಗ. ಅವನು ಆ ತಟ್ಟೆಯ ಸುತ್ತ ಇರಲಿಲ್ಲ. ಇದನ್ನೂ ನಾನು ಮರೆತಿಲ್ಲ.

ಆಮೇಲೆ ರಜೆ ಸಿಕ್ಕಾಗಲೆಲ್ಲ ನೀರು ಹಂಚುವವರನ್ನು ಹುಡುಕಿಕೊಂಡು ಹೋಗುವುದು ನನಗೆ ರೂಢಿಯಾಯಿತು. ಇರಾನಿನ ಯಜ್ದ್ ಊರಿನಲ್ಲಿ ನೀರಿಗೆಂದೇ ಒಂದು ಮ್ಯೂಸಿಯಂ ಇದೆ. ಇಂಥ ಸುರಂಗಕ್ಕೆ ಅಲ್ಲಿ ಕನಾತ್ ಅನ್ನುತ್ತಾರೆ, ನೀರು ಹಂಚುವವರಿಗೆ ಮೀರಾಬ್. ಅವರ ಗಡಿಯಾರ ಒಂದು ತಾಮ್ರದ ಬಟ್ಟಲು. ತಳದಲ್ಲಿ ಸಣ್ಣ ತೂತು. ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟರೆ ನಿಧಾನಕ್ಕೆ ತುಂಬಿ ಮುಳುಗುತ್ತದೆ. ಒಂದು ಸಲ ಮುಳುಗಿದರೆ ಒಂದು ಲೆಕ್ಕ, ಒಂದು ಕಲ್ಲು ಪಕ್ಕಕ್ಕೆ. ಊರಿನ ದೊಡ್ಡ ಮನುಷ್ಯ ಬಂದು ನಿಂತರೂ ಬಟ್ಟಲು ಬೇಗ ಮುಳುಗುವುದಿಲ್ಲ ಅಲ್ವಾ? ಅದನ್ನು ನೋಡುತ್ತಾ ತುಂಬಾ ಹೊತ್ತು ನಿಂತಿದ್ದೆ.

ಮೊರಾಕ್ಕೊದ ಮರಾಕೆಶ್ ಸುತ್ತ ಇರುವ ಖೆತ್ತಾರಗಳೂ ಇಂಥವೇ ಸುರಂಗಗಳು. ಅಲ್ಲಿಗೆ ಹೋದಾಗ ನೋಡಲು ಸಿಕ್ಕಿದ್ದು ಜಾಸ್ತಿ ಒಣಗಿದ ಗುಂಡಿಗಳೇ. ಆಳದ ಬಾವಿ, ಪಂಪು ಬಂದ ಮೇಲೆ ನೀರಿನ ಮಟ್ಟ ಇಳಿಯಿತು, ಸುರಂಗ ಬತ್ತಿತು. ಇರಾನಿನಲ್ಲೂ ಎಷ್ಟೋ ಕನಾತ್‌ಗಳ ಕಥೆ ಇದೇ. ಕೋಲಾರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾವಿರ ಅಡಿ ದಾಟಿದ ಮೇಲೂ ಬರೀ ಧೂಳು ಬಂದ ಬೋರ್‌ವೆಲ್ ಇಲ್ಲದ ಊರು ನಮ್ಮಲ್ಲಿ ಯಾವುದಿದೆ? ಇಂಥ ಸುರಂಗ ನೋಡಲು ಅಷ್ಟು ದೂರವೂ ಹೋಗಬೇಕಿಲ್ಲ. ಬಹಮನಿ ಸುಲ್ತಾನರ ಕಾಲದ್ದು ಬೀದರಿನ ನೌಬಾದಿನಲ್ಲೇ ಇದೆ. ಹೂಳು ತೆಗೆದ ಮೇಲೆ ನಾನೂ ಹೋಗಿ ನೋಡಿಬಂದೆ.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. 1961ರ ಕಾನೂನಿನಿಂದ ತೋಟಿ, ತಳವಾರ, ನೀರುಗಂಟಿ ಇಂಥ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. ಆಗಿದ್ದು ಒಳ್ಳೆಯದೇ. ಅಪ್ಪನ ಕೆಲಸ ಮಗನ ತಲೆಗೆ ಕಟ್ಟುವುದು ತಪ್ಪು. ಕಟ್ಟಿದ್ದರೆ ನಾನು ಓದುತ್ತಲೇ ಇರಲಿಲ್ಲ. ಆದರೆ ಹುದ್ದೆ ಹೋಯಿತೇ ಹೊರತು ಕೆಲಸ ಹೋಗಲಿಲ್ಲವಲ್ಲ. ರೂಢಿಯ ಮೇಲೆ, ಸುಗ್ಗಿಯಲ್ಲಿ ಯಾರಾದರೂ ಕೊಟ್ಟ ನಾಲ್ಕು ಸೇರು ರಾಗಿ, ಭತ್ತದ ಮೇಲೆ ಅಪ್ಪನಂಥವರು ಅದನ್ನು ಎಳೆದುಕೊಂಡು ಬಂದರು. ಆಮೇಲೆ ಕೆರೆಗಳು ಬತ್ತಿದವು, ಅವರನ್ನು ಕೇಳುವವರೂ ಇಲ್ಲದಂತಾಯಿತು.

2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಜನ ಹಬ್ಬ ಮಾಡಿದರು. ಆ ನೀರನ್ನು ಇನ್ನೂ ಒಂದು ಹಂತ ಶುದ್ಧ ಮಾಡಿ ಕೊಡಿ ಅಂತ ಕೇಳುವವರ ಜೊತೆ ನಾನೂ ಇದ್ದೇನೆ. ಅದು ಬೇರೆಯೇ ಪತ್ರದ ವಿಷಯ. ಆ ನೀರು ಬಿಟ್ಟಿರುವುದು ಅಂತರ್ಜಲ ಹೆಚ್ಚಲಿ ಅಂತ, ನೇರವಾಗಿ ಗದ್ದೆಗೆ ಹರಿಸಲು ಅಲ್ಲ. ಸರಿ, ಆದರೆ ಅದನ್ನು ಕಾಯುವವರು ಯಾರು? ಕೆರೆ ಅಂಗಳದಲ್ಲೇ ಮೋಟಾರು ಇಡುತ್ತಾರೆ. ತೂಬು ಎತ್ತುತ್ತಾರೆ. ಮಳೆ ನೀರು ತುಂಬುವ ಕೆರೆಗಳಲ್ಲೂ ಇದೇ ಪಾಡು. ರಾಜಕಾಲುವೆ ಒತ್ತುವರಿ ಆದರೆ ಮೊದಲು ಕಣ್ಣಿಗೆ ಬೀಳುವುದು ದಿನಾ ಏರಿ ಮೇಲೆ ಓಡಾಡುವವನಿಗೆ. ಅಂಥವನೇ ಇಲ್ಲ. ತೂಬಿಗೆ ಕ್ಯಾಮೆರಾ ಹಾಕಿಸೋಣ ಅನ್ನುವವರಿದ್ದಾರೆ. ಹಾಕಲಿ. ಕೊನೆಯ ಗದ್ದೆಯವನ ಪೈರು ಬಾಡುತ್ತಿದೆ ಅಂತ ಕ್ಯಾಮೆರಾ ಹೇಳುತ್ತದೆಯೇ?

ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಬೇಕು. ಇದೇ ನನ್ನ ಬೇಡಿಕೆ. ಗಂಡಸೋ ಹೆಂಗಸೋ, ಯಾವ ಜಾತಿ, ಯಾವ ಧರ್ಮವಾದರೂ ಆಗಲಿ. ಕೆರೆ ಬಳಕೆದಾರರ ಸಂಘ ಸಭೆ ಸೇರಿ ಆರಿಸಲಿ, ಪಂಚಾಯಿತಿ ಪುಸ್ತಕದಲ್ಲಿ ಹೆಸರು ಬರೆಯಲಿ, ತಿಂಗಳ ಸಂಬಳ ಕೊಡಲಿ. ಆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇಲ್ಲದವರಾದರೆ ಇನ್ನೂ ಒಳ್ಳೆಯದು. ತೂಬಿನ ಬೀಗದ ಕೈ ಅವರ ಕೈಯಲ್ಲಿ ಮಾತ್ರ ಇರಲಿ. ಸುಮ್ನೆ ಕಾವಲುಗಾರ ಅಂತ ಹೆಸರಿಟ್ಟು ಮೂಲೆಗೆ ಕೂರಿಸಬೇಡಿ. ನೀರಿನ ಲೆಕ್ಕದಲ್ಲಿ ಅವರ ಮಾತೇ ಕೊನೆ ಆಗಬೇಕು.

ನಮ್ಮ ತಾಲ್ಲೂಕಿನಲ್ಲಿ ಹಳೆಯ ನೀರುಗಂಟಿಗಳು ಇನ್ನೂ ನಾಲ್ವರು ಇದ್ದಾರೆ, ನನಗೆ ಗೊತ್ತಿರುವ ಮಟ್ಟಿಗೆ. ಎಲ್ಲರಿಗೂ ಎಂಬತ್ತು ದಾಟಿದೆ. ಅವರು ಹೇಳುವುದನ್ನು ಬರೆದುಕೊಳ್ಳಲು ಶುರು ಮಾಡಿದ್ದೇನೆ. ಯಾವ ಪಂಚಾಯಿತಿಯವರು ಕರೆದರೂ ಬರುತ್ತೇನೆ, ಬಸ್ ಚಾರ್ಜೂ ಬೇಡ. ಅವರಲ್ಲಿ ಇಬ್ಬರು ಇನ್ನೂ ಓಡಾಡುತ್ತಾರೆ, ಅವರನ್ನೂ ಕರೆದುಕೊಂಡು ಬರುತ್ತೇನೆ. ಸಭೆಯಲ್ಲಿ ಅವರಿಗೆ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಾಕಿಸಿ.

ಇಂತಿ,
ನಿವೃತ್ತ ಭೂವಿಜ್ಞಾನ ಪ್ರಾಧ್ಯಾಪಕ,
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ