ಇಂಡಿಯಾ ಇಂಗ್ಲಿಷರು ಇಟ್ಟ ಹೆಸರಲ್ಲ

ಮಾನ್ಯ ಸಂಪಾದಕರೇ,

‘ಇಂಡಿಯಾ’ ಎಂಬುದು ಬ್ರಿಟಿಷರು ನಮ್ಮ ಮೇಲೆ ಹೇರಿದ ಹೆಸರು ಎಂದು ಓದುಗರೊಬ್ಬರು ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಬರೆದಿದ್ದಾರೆ. ‘ಭಾರತ’ದ ಮೇಲೆ ಅವರಿಗಿರುವ ಅಭಿಮಾನದ ಬಗ್ಗೆ ನನ್ನ ತಕರಾರಿಲ್ಲ, ಆದರೆ ಆ ಮಾತು ಚರಿತ್ರೆಗೆ ಹೊಂದುವುದಿಲ್ಲ.

ಬ್ರಿಟಿಷರು ಇಟ್ಟ ಹೆಸರು ಹೇಗಿರುತ್ತದೆ ಎಂಬುದನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1834ರಲ್ಲಿ ಇಲ್ಲಿ ಕಂಪನಿ ಆಡಳಿತ ಬಂದ ಮೇಲೆ ಕುಶಾಲನಗರವು ಕರ್ನಲ್ ಫ್ರೇಸರನ ಹೆಸರಿನಲ್ಲಿ ಫ್ರೇಸರ್‌ಪೇಟೆಯಾಯಿತು. ಅದು ಇಟ್ಟ ಹೆಸರು. ಮಡಿಕೇರಿ ‘ಮರ್ಕೆರಾ’ ಆದದ್ದು, ಕೊಡಗು ‘ಕೂರ್ಗ್’ ಆದದ್ದು ಅವರ ನಾಲಿಗೆ ಹೊರಳದ್ದರಿಂದ. ಇಂಡಿಯಾ ಈ ಎರಡು ಬಗೆಗೂ ಸೇರುವುದಿಲ್ಲ.

ಅದರ ಬೇರು ಸಿಂಧೂ ನದಿಯ ಹೆಸರಿನಲ್ಲಿದೆ. ಸಂಸ್ಕೃತದಲ್ಲಿ ಸಕಾರವಿರುವ ಅನೇಕ ಕಡೆ ಪ್ರಾಚೀನ ಇರಾನಿನ ಭಾಷೆಗಳಲ್ಲಿ ಹಕಾರವಿರುತ್ತದೆ. ನಮ್ಮ ‘ಸಪ್ತ’ ಪಾರಸಿಗಳ ಪ್ರಾಚೀನ ಧರ್ಮಗ್ರಂಥವಾದ ಅವೆಸ್ತಾದಲ್ಲಿ ‘ಹಪ್ತ’. ಹೀಗೆ ಸಿಂಧು ‘ಹಿಂದು’ವಾಗಿ, ಕ್ರಿಸ್ತಪೂರ್ವ 500ರ ಆಸುಪಾಸಿನ ಪರ್ಷಿಯದ ದೊರೆ ಡೇರಿಯಸನ ಶಾಸನಗಳಲ್ಲಿ ಅವನ ಅಧೀನ ನಾಡುಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಪರ್ಷಿಯನ್ನರಿಂದ ಈ ಹೆಸರನ್ನು ಪಡೆದ, ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯ ಅಯೋನಿಯಾದ ಗ್ರೀಕರಿಗೆ ಹಕಾರದ ಉಚ್ಚಾರಣೆ ಇಲ್ಲದ್ದರಿಂದ ನದಿ ‘ಇಂದೋಸ್’ ಆಯಿತು. ಮುಂದೆ ಗ್ರೀಕ್, ಲ್ಯಾಟಿನ್‌ಗಳಲ್ಲಿ ನಾಡು ‘ಇಂಡಿಯಾ’ ಆಯಿತು. ಇದು ವಿಚಿತ್ರವೆನಿಸಿದರೆ ನಮ್ಮ ಸಂತೆಯಲ್ಲಿ ಒಂದು ಗಳಿಗೆ ನಿಂತು ಕೇಳಬಹುದು: ಕೊಡವರು ‘ಪಾಲ್’ ಎನ್ನುವುದನ್ನು ಕನ್ನಡದವರು ‘ಹಾಲು’ ಎನ್ನುತ್ತಾರೆ, ಮೈಸೂರು ಸೀಮೆಯಿಂದ ಬಂದ ಹಳ್ಳಿಗರು ಆ ಹಕಾರವನ್ನೂ ಬಿಟ್ಟು ‘ಆಲು’ ಎನ್ನುತ್ತಾರೆ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಾಸ್ತನೀಸನು ತನ್ನ ಗ್ರಂಥಕ್ಕೆ ‘ಇಂಡಿಕಾ’ ಎಂದು ಹೆಸರಿಟ್ಟನು. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ‘ಇಂಡಿಯಾ’ ಎಂಬ ಹೆಸರು ಅದಕ್ಕೆ ಸಿದ್ಧವಾಗಿಯೇ ಸಿಕ್ಕಿತ್ತು.

‘ಭಾರತ’ವೂ ಹಳೆಯದೇ. ಒಡಿಶಾದ ಹಾಥಿಗುಂಫಾದಲ್ಲಿರುವ, ಕಳಿಂಗದ ದೊರೆ ಖಾರವೇಲನ ಪ್ರಾಕೃತ ಶಾಸನದಲ್ಲಿ ‘ಭರಧವಸ’ ಎಂದು ಓದಲಾಗುವ ಪದವಿದೆ, ಆದರೆ ಅಲ್ಲಿ ಅದು ಇಡೀ ದೇಶವನ್ನಲ್ಲ, ಉತ್ತರದ ಒಂದು ಭಾಗವನ್ನು ಸೂಚಿಸುವಂತಿದೆ. ಹೆಸರುಗಳು ನಾಡಿನೊಡನೆ ಹಿಗ್ಗುತ್ತವೆ. ಇಂಡಿಯಾ ಕೂಡ ಮೊದಲಿಗೆ ಸಿಂಧೂ ಕಣಿವೆಯಷ್ಟೇ ಆಗಿತ್ತು.

ಯಾವ ಹೆಸರು ಮುಂದಿರಬೇಕೆಂಬ ಚರ್ಚೆ ಸಂವಿಧಾನ ಸಭೆಯಲ್ಲೇ ನಡೆದಿದೆ. ‘ಭಾರತ’ವೇ ಮೊದಲು ಬರಬೇಕೆಂದು ಎಚ್.ವಿ. ಕಾಮತ್ ಅವರು ತಂದ ತಿದ್ದುಪಡಿ 1949ರ ಸೆಪ್ಟೆಂಬರ್ 18ರಂದು 38ಕ್ಕೆ 51 ಮತಗಳಿಂದ ಬಿದ್ದುಹೋಗಿ, ‘ಇಂಡಿಯಾ, ಅಂದರೆ ಭಾರತ’ ಎಂಬುದು ಒಂದನೆಯ ಅನುಚ್ಛೇದದಲ್ಲಿ ಉಳಿಯಿತು. ಆ ಸಭೆಯಲ್ಲಿ ಕೊಡಗಿಗೂ ಸಿ.ಎಂ. ಪೂಣಚ್ಚ ಅವರ ರೂಪದಲ್ಲಿ ಒಂದು ಸ್ಥಾನವಿತ್ತು. ಪತ್ರ ಬರೆದವರು ಕಾಮತರ ಪಕ್ಷ ವಹಿಸಲಿ, ಅದಕ್ಕೆ ಸಮರ್ಥನೆಗಳಿವೆ. ‘ಇಂಡಿಯಾ’ವನ್ನು ಫ್ರೇಸರ್‌ಪೇಟೆಯ ಸಾಲಿಗೆ ಸೇರಿಸುವುದನ್ನು ಮಾತ್ರ ಬಿಡಬೇಕೆಂದು ವಿನಂತಿ.

ಇತಿ,
ಓದುಗ, ಸೋಮವಾರಪೇಟೆ, ಕೊಡಗು