ರಷ್ಯನ್ ಕಲಿಯಹೊರಟ ಮಗಳಿಗೆ

ಚಿಕ್ಕಮಗಳೂರು

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ರಷ್ಯನ್ ಕಲಿಯಲು ಹೊರಟಿರುವೆ ಎಂದು ನಿನ್ನ ಅಮ್ಮ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಾನು ಇಲ್ಲಿ ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸಕ್ಕಿದ್ದಾಗ ನಮ್ಮ ಕಾಫಿಗೆ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ. ಆ ನೆಪದಲ್ಲಿ ಹತ್ತಿದ ಭಾಷೆಯ ಹುಚ್ಚು 1991ರಲ್ಲಿ ಒಕ್ಕೂಟ ಒಡೆದ ಮೇಲೂ ಬಿಡಲಿಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ರಷ್ಯನ್ನಿಗೆ ಇಂಗ್ಲಿಷಿನ ಬಾಗಿಲಿನಿಂದ ಹೋಗಬೇಡ, ಕನ್ನಡದಿಂದಲೇ ಹೋಗು. ಇಂಗ್ಲಿಷ್ ಬಲ್ಲವರಿಗೆಂದು ಬರೆದ ಪುಸ್ತಕಗಳು ಆರು ವಿಭಕ್ತಿಗಳೆಂದು ಮೊದಲೇ ಹೆದರಿಸುತ್ತವೆ. ನೀನಾದರೋ ಮಾತು ಬಂದಂದಿನಿಂದ ಹಾಸನಕ್ಕೆ, ಹಾಸನದಲ್ಲಿ, ಹಾಸನದಿಂದ ಎನ್ನುತ್ತಿರುವವಳು. ಮಸ್ಕ್ವಾ ಎಂಬುದು ಮಾಸ್ಕೋಗೆ ಹೋಗುವಾಗ ‘ವ್ ಮಸ್ಕ್ವೂ’, ಅಲ್ಲಿರುವಾಗ ‘ವ್ ಮಸ್ಕ್ವ್ಯೆ’ ಆಗುತ್ತದೆ. ಮುಂದೊಂದು ಪುಟ್ಟ ಪದ ಸೇರುವುದಷ್ಟೇ ಹೊಸತು. ‘ನನಗೆ ಇಪ್ಪತ್ತು ವರ್ಷ’ ಎನ್ನಲು ಅವರೂ ಚತುರ್ಥಿಯನ್ನೇ ಬಳಸುತ್ತಾರೆ: ‘ಮ್ನ್ಯೆ ದ್ವಾತ್ಸತ್ ಲ್ಯೆತ್’. ಚಳಿಯಾದರೂ, ಬೇಸರವಾದರೂ ಅವರಿಗೂ ‘ನನಗೆ’ ಆಗುತ್ತದೆ. ‘ನಾನು ವಿದ್ಯಾರ್ಥಿನಿ’ ಎಂಬಲ್ಲಿ ಅವರಿಗೂ ಕ್ರಿಯಾಪದ ಬೇಡ. ನೀನು, ನೀವು ಎಂಬ ಭೇದವೂ ಉಂಟು. ಹಿರಿಯರನ್ನು ಬರೀ ಹೆಸರಿನಿಂದ ಕರೆಯದೆ, ಅವರ ತಂದೆಯ ಹೆಸರಿನಿಂದ ಹುಟ್ಟಿದ ಪದವನ್ನೂ ಜೋಡಿಸುತ್ತಾರೆ.

ಇಲ್ಲಿ ಉಚ್ಚಾರಣೆಯ ಅಂದಾಜಿಗೆಂದು ಕನ್ನಡದಲ್ಲಿ ಬರೆದಿದ್ದೇನೆ. ನಿನ್ನ ಪುಸ್ತಕದಲ್ಲಿ ಮಾತ್ರ ಹೀಗೆ ಬರೆದುಕೊಳ್ಳಬೇಡ. ಇರುವುದು 33 ಅಕ್ಷರ. ಇಂಗ್ಲಿಷಿನ ಪಿ ಅಕ್ಷರದಂತೆ ಕಾಣುವುದು ರಕಾರ, ಎಚ್‌ನಂತೆ ಕಾಣುವುದು ನಕಾರ. ಮೊದಲು ಇವು ಕೈಗೆ ಹತ್ತಲಿ. ಅವರ ಕೂಡುಬರಹ ಅಚ್ಚಿಗಿಂತ ಬೇರೆ, ಅದನ್ನೂ ತಿದ್ದು.

ನಿಜವಾಗಿ ಕಾಡುವುದು ಲಿಂಗ. ನಮ್ಮಲ್ಲಿ ಮೇಜು, ಕಿಟಕಿ, ಪುಸ್ತಕ ಎಲ್ಲವೂ ನಪುಂಸಕ. ಅಲ್ಲಿ ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ಮಾತ್ರ ನಪುಂಸಕ. ಹೆಚ್ಚಿನ ಪದಗಳಲ್ಲಿ ಪದದ ಕೊನೆಯೇ ಇದನ್ನು ಹೇಳುತ್ತದೆ, ಹಾಗಾಗಿ ಕೊನೆಯನ್ನು ನುಂಗದೆ ಓದು. ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು, ಅಂದರೆ ಒತ್ತು ಎಲ್ಲಿ ಬೀಳುತ್ತದೆಂಬ ನಿಯಮವಿಲ್ಲ. ‘ಮೂಕ’ ಎಂದರೆ ಯಾತನೆ, ‘ಮುಕಾ’ ಎಂದರೆ ಹಿಟ್ಟು. ಬರೆಯುವ ಅಕ್ಷರಗಳು ಎರಡಕ್ಕೂ ಒಂದೇ. ಒತ್ತಿಲ್ಲದ ಒಕಾರ ಅಕಾರದಂತೆ ಸಡಿಲವಾಗುತ್ತದೆ. ಆದ್ದರಿಂದ ಒತ್ತಿನ ಗುರುತು ಹಾಕಿರುವ ಪುಸ್ತಕವನ್ನೇ ಕೊಳ್ಳು, ಗಟ್ಟಿಯಾಗಿ ಓದು. ಮನೆಯವರು ನಕ್ಕರೆ ನಗಲಿ.

ಕ್ರಿಯಾಪದಗಳು ಜೋಡಿಯಾಗಿ ಬರುತ್ತವೆ: ‘ಪಿಸಾತ್’ ಬರೆಯುತ್ತಿರುವುದಕ್ಕೆ, ‘ನಪಿಸಾತ್’ ಬರೆದು ಮುಗಿಸುವುದಕ್ಕೆ. ಒಂದನ್ನು ಕಲಿತ ದಿನವೇ ಅದರ ಜೊತೆಯದನ್ನೂ ಕಲಿ. ಚಲನೆಯ ಕ್ರಿಯಾಪದಗಳ ಅಧ್ಯಾಯಕ್ಕೆ ಈಗಲೇ ಕೈ ಹಾಕಬೇಡ, ಅದಕ್ಕೆ ಇನ್ನೊಂದು ಪತ್ರ ಬರೆಯುತ್ತೇನೆ. ದೀಪಾವಳಿಗೆ ಊರಿಗೆ ಬರುವಾಗ ನಿನ್ನ ಕೂಡುಬರಹದ ಪುಸ್ತಕವನ್ನು ತಾ, ಇಬ್ಬರೂ ಕೂತು ತಿದ್ದೋಣ.

ಇಂತಿ ನಿನ್ನ
ದೊಡ್ಡಪ್ಪ